ಅಕ್ಷರವಿಲ್ಲದ ಕಲ್ಲುಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಓಡಾಡಿದವರಿಗೆ ವೀರಗಲ್ಲು ಹೊಸದಲ್ಲ. ಹೊಲದ ಬದುವಿನಲ್ಲೋ ಕೆರೆ ಏರಿಯ ಪಕ್ಕದಲ್ಲೋ ಅರ್ಧ ಹೂತು ನಿಂತಿರುತ್ತವೆ. ಕೆಳಗೆ ಕಾಳಗ, ನಡುವೆ ಸತ್ತವನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಎಷ್ಟೋ ಕಲ್ಲುಗಳಲ್ಲಿ ಅಕ್ಷರವಿಲ್ಲ. ಯಾರದಪ್ಪ ಇದು ಅಂತ ಕೇಳಿದರೆ, 'ಯಾರೋ ಊರಿಗೋಸ್ಕರ ಸತ್ತೋನು ಸಾ, ಹಬ್ಬಕ್ಕೆ ಕಾಯಿ ಒಡೀತೀವಿ' ಅನ್ನುತ್ತಾರೆ. ಹೆಸರು ಮರೆತ ಊರು ಋಣ ಮರೆತಿಲ್ಲ.

ರೈಸ್ ಅವರು 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವಾಗಿ ತಂದರು. ಶಾಸನಗಳ ಪುಸ್ತಕದಲ್ಲಿ ಅಕ್ಷರವಿಲ್ಲದ ಕಲ್ಲಿಗೆ ಜಾಗವಿರಲಿಲ್ಲ; ಅದು ಅವರ ತಪ್ಪಲ್ಲ. ಆದರೆ ನಮ್ಮ ವಿಮರ್ಶೆಯೂ ಬರೆದದ್ದನ್ನೇ ಪರಂಪರೆ ಅಂದುಕೊಂಡು ಬಂತಲ್ಲ, ನನ್ನ ತಕರಾರು ಅಲ್ಲಿದೆ. ವೀರಗಲ್ಲುಗಳ ಬಗ್ಗೆ ಚಿದಾನಂದಮೂರ್ತಿಯವರು, ಶೇಷಶಾಸ್ತ್ರಿಗಳು ಮಾಡಿದ ಕೆಲಸಕ್ಕೆ ನಾವು ಋಣಿಗಳೇ. ಆ ತಿಳಿವಳಿಕೆಯನ್ನು ಇಟ್ಟುಕೊಂಡೇ ದಲಿತ ವಿಮರ್ಶೆ ಒಂದು ಪ್ರಶ್ನೆ ಕೇಳಬೇಕು: ಯಾರ ಸಾವಿಗೆ ಕಲ್ಲು ನಿಲ್ಲುತ್ತದೆ?

ತುರು ಬಿಡಿಸಿ ಸತ್ತವನ ಮನೆಯವರಿಗೆ ಭೂಮಿ ಕೊಡುತ್ತಿದ್ದರು. ಅದಕ್ಕೆ 'ನೆತ್ತರುಗೊಡಗೆ' ಅಂತ ಹೆಸರು. ಮಂಡ್ಯ ಸೀಮೆಯ ಆತಕೂರಿನಲ್ಲಿ 10ನೆಯ ಶತಮಾನದಲ್ಲಿ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಂತಿತು, ಭೂಮಿ ಬಿಟ್ಟರು, ಹೆಸರು ಉಳಿಯಿತು. ನಾಯಿಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಒಡೆಯನ ಹೆಣದ ಕೆಳಗೆ ತಾನೂ ಮಣ್ಣಾದ ಆಳಿನ ಸಾವನ್ನು 'ಕೀಳ್ಗುಂಟೆ' ಎಂದು ಹೊಗಳಿದ್ದೂ ಇದೇ ಪರಂಪರೆ. ಒಡೆಯನಿಗಾಗಿ ಸತ್ತವನು ವೀರ. ಒಡೆಯನ ಕೈಲಿ ಸತ್ತವನ ಕಲ್ಲು ಎಲ್ಲಿದೆ?

ಇವತ್ತಿಗೂ ಈ ಪ್ರಶ್ನೆ ಹಳತಾಗಿಲ್ಲ. 2005ರ ಫೆಬ್ರವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರ ದಾಳಿಗೆ ಮೀಸಲು ಪೊಲೀಸರು ಸತ್ತರು. 2019ರಲ್ಲಿ ಪುಲ್ವಾಮದಲ್ಲಿ 40 ಜವಾನರು ಸತ್ತಾಗ ಊರೂರಿನ ಸರ್ಕಲ್ಲುಗಳಲ್ಲಿ ಫ್ಲೆಕ್ಸು, ಮೇಣದಬತ್ತಿ. ಯಾರೂ ಹೇಳಿ ಮಾಡಿಸಿದ್ದಲ್ಲ, ಜನರ ಸಂಕಟ ನಿಜ. ಆದರೆ ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸತ್ತವರಿಗೆ? 1993ರಿಂದೀಚೆಗೆ ಹಾಗೆ ಸತ್ತವರ ಕುಟುಂಬಗಳಿಗೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2014ರಲ್ಲಿ. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಈ ಕಾಲದ ನೆತ್ತರುಗೊಡಗೆ ಅದು, ಕೋರ್ಟಿಗೆ ಅಲೆದು ಪಡೆದದ್ದು. ಅವರ ಫೋಟೋ ಹಾಕಿದ ಫ್ಲೆಕ್ಸನ್ನು ನಾನಂತೂ ಸರ್ಕಲ್ಲಿನಲ್ಲಿ ಕಂಡಿಲ್ಲ.

ಹಾಗಂತ ಕಲ್ಲುಗಳನ್ನು ಬಿಟ್ಟುಕೊಡಬೇಕಾಗಿಲ್ಲ. ಮಹಾರಾಷ್ಟ್ರದ ಭೀಮಾ ಕೋರೆಗಾಂವ್ ಕಂಬವನ್ನೇ ನೋಡಿ. 1818ರ ಕಾಳಗದ ನೆನಪಿಗೆ ಕಂಪನಿಯವರು ನಿಲ್ಲಿಸಿದ್ದು ಅದು. ಅದರ ಮೇಲಿನ ಹೆಸರುಗಳಲ್ಲಿ 22 ಮಹಾರರವು. 1927ರ ಜನವರಿ 1ರಂದು ಅಂಬೇಡ್ಕರ್ ಅಲ್ಲಿಗೆ ಹೋದರು. ಆಮೇಲೆ ಜನ ವರ್ಷ ವರ್ಷ ಹೋಗಿ ಹೋಗಿ ಅದನ್ನು ತಮ್ಮದು ಮಾಡಿಕೊಂಡರು.

ನಮ್ಮ ಹುಡುಗ ಹುಡುಗಿಯರು ಈ ನಾಲ್ಕು ತಾಲ್ಲೂಕುಗಳ ಅಕ್ಷರವಿಲ್ಲದ ಕಲ್ಲುಗಳ ಮುಂದೆ ಕೂತು ಬರೆದುಕೊಳ್ಳಲಿ: ಊರು ಆತನ ಬಗ್ಗೆ ಏನು ಹೇಳುತ್ತೆ, ಕಲ್ಲು ನಿಂತ ನೆಲ ಈಗ ಯಾರದು, ಅದನ್ನು ಮುಟ್ಟಿ ಪೂಜೆ ಮಾಡೋಕೆ ಯಾರನ್ನ ಬಿಡ್ತಾರೆ. ಆಮೇಲೆ ಕೇರಿಗೆ ಹೋಗಿ, ಕಲ್ಲೇ ಇಲ್ಲದೆ ಸತ್ತವರ ಹೆಸರುಗಳನ್ನೂ ಕೇಳಿ ಬರೆಯಲಿ. ದಲಿತ ವಿಮರ್ಶೆಗೆ ಪಠ್ಯ ಎಲ್ಲಿದೆ ಅನ್ನುವವರ ಮುಂದೆ ಆ ಪಟ್ಟಿ ಇಡೋಣ.