ಎಲೆಗಳಲ್ಲಿ ಮಹಾಯುದ್ಧ

ಎರಡನೆಯ ಮಹಾಯುದ್ಧವನ್ನು ನಮ್ಮ ತಲೆಮಾರಿನವರು ಅರಿತದ್ದು ಪಠ್ಯಪುಸ್ತಕಗಳಿಂದ, ಚಲನಚಿತ್ರಗಳಿಂದ, ಸೈನ್ಯದಲ್ಲಿದ್ದು ಬಂದ ಹಿರಿಯರ ಅರೆಬರೆ ಮಾತುಗಳಿಂದ. ಇಂದಿನ ಹುಡುಗರಲ್ಲಿ ಕೆಲವರು ಅದನ್ನು ಅರಿಯುತ್ತಿರುವುದು ಇಸ್ಪೀಟು ಎಲೆಗಳಂತಹ ಚಿತ್ರಗಳ ಮೂಲಕ. 'ಕಾರ್ಡ್ಸ್' ಎಂಬ ಈ ಆಟವನ್ನು ರೂಪಿಸಿದ್ದು ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿರುವ '1939 ಗೇಮ್ಸ್' ಎಂಬ ಸಂಸ್ಥೆ. ಯುದ್ಧ ಆರಂಭವಾದ ವರ್ಷವನ್ನೇ ಅದು ತನ್ನ ಹೆಸರಾಗಿಸಿಕೊಂಡಿದೆ. 2020ರಲ್ಲಿ ಬಿಡುಗಡೆಯಾದ ಆಟ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತದೆ. ನಮ್ಮ ಯುವಕರ ಕೈಯಲ್ಲಿ ಅದನ್ನು ಕಂಡು, ಕೆಲವು ವಾರ ನಾನೂ ಆಡಿ ನೋಡಿದ ಮೇಲೆ ಈ ಮಾತುಗಳನ್ನು ಬರೆಯುತ್ತಿದ್ದೇನೆ. ಆಡದೆಯೇ ಬಯ್ಯುವುದು ಸುಲಭ, ಅದು ವಿಮರ್ಶೆಯಾಗದು.

ಆಟದ ಕ್ರಮ ಹೀಗಿದೆ. ಕೇಂದ್ರಸ್ಥಾನವೂ ಸೇರಿ 40 ಎಲೆಗಳ ಒಂದು ಕಟ್ಟನ್ನು ಆಟಗಾರನು ಕಟ್ಟಿಕೊಳ್ಳಬೇಕು. ಎಲೆಗಳ ಮೇಲೆ ಪದಾತಿದಳ, ಟ್ಯಾಂಕು, ಫಿರಂಗಿ, ಯುದ್ಧವಿಮಾನಗಳ ಚಿತ್ರಗಳಿವೆ. ಆ ಕಾಲದ ಭಿತ್ತಿಚಿತ್ರಗಳ ಶೈಲಿಯನ್ನು ಹೋಲುವ ಇವು ನಿಜಕ್ಕೂ ಸೊಗಸಾಗಿವೆ. ಇಬ್ಬರು ಆಟಗಾರರ ನಡುವೆ ಒಂದೇ ಒಂದು ಮುಂಚೂಣಿ ಸಾಲು. ಅದನ್ನು ಹಿಡಿದವನು ಎದುರಾಳಿಯ ಕೇಂದ್ರಸ್ಥಾನವನ್ನು ಹೊಡೆಯುತ್ತಾನೆ.

ಇದರಲ್ಲಿ ನಾನು ಮನಸಾರೆ ಮೆಚ್ಚಿದ ಅಂಶವೊಂದಿದೆ. ಇಂತಹ ಬೇರೆ ಆಟಗಳಲ್ಲಿ ಎಲೆಯನ್ನು ಇಳಿಸುವುದಕ್ಕೆ ಮಾತ್ರ ಬೆಲೆ; ಇಳಿದ ಮೇಲೆ ಅದು ಪುಕ್ಕಟೆಯಾಗಿ ದುಡಿಯುತ್ತದೆ. ಇಲ್ಲಿ ಹಾಗಲ್ಲ. ದಳವನ್ನು ಮುಂದಕ್ಕೆ ಸರಿಸಲು, ಶತ್ರುವನ್ನು ಹೊಡೆಯಲು ಪ್ರತಿ ಸಲವೂ ಸಂಪನ್ಮೂಲ ತೆರಬೇಕು. ಭಾರಿ ಟ್ಯಾಂಕುಗಳನ್ನೇ ಆರಿಸಿಕೊಂಡ ಹುಡುಗ ಅವುಗಳನ್ನು ನಡೆಸಲಾರದೆ ಕೈಕಟ್ಟಿ ಕುಳಿತುಕೊಳ್ಳುವುದನ್ನು ನೋಡಿದ್ದೇನೆ. 1944ರ ಡಿಸೆಂಬರಿನಲ್ಲಿ ಆರ್ಡೆನ್ ಕಾಡುಗಳಲ್ಲಿ ಜರ್ಮನ್ ಸೈನಿಕರು ಇಂಧನವಿಲ್ಲದೆ ಟ್ಯಾಂಕುಗಳನ್ನು ತೊರೆದು ನಡೆದದ್ದು ಇದೇ ಕಾರಣಕ್ಕೆ. ಯುದ್ಧವೆಂದರೆ ಶೌರ್ಯ ಮಾತ್ರವಲ್ಲ, ಎಣ್ಣೆ, ರೊಟ್ಟಿ, ರಸ್ತೆಗಳ ಲೆಕ್ಕಾಚಾರವೂ ಹೌದೆಂಬ ಸತ್ಯವನ್ನು ಅನೇಕ ಯುದ್ಧಚಿತ್ರಗಳಿಗಿಂತ ಈ ಆಟ ಪ್ರಾಮಾಣಿಕವಾಗಿ ಹೇಳುತ್ತದೆ.

ಆದರೆ ಕೇಂದ್ರಸ್ಥಾನವೆಂದರೆ ಏನು? ಅದೊಂದು ನಗರ. ಲಂಡನ್, ಬರ್ಲಿನ್ ಎಂಬ ಹೆಸರು. ಪಕ್ಕದಲ್ಲಿ 20 ಎಂಬ ಸಂಖ್ಯೆ. ಇಪ್ಪತ್ತು ಸೊನ್ನೆಗಿಳಿದಾಗ ಆಟ ಮುಗಿಯುತ್ತದೆ. 1940ರ ಸೆಪ್ಟೆಂಬರಿನಿಂದ 1941ರ ಮೇ ತಿಂಗಳವರೆಗಿನ ವೈಮಾನಿಕ ದಾಳಿಗಳಲ್ಲಿ ಬ್ರಿಟನ್ನಿನಲ್ಲಿ 40,000ಕ್ಕೂ ಹೆಚ್ಚು ನಾಗರಿಕರು ಸತ್ತರು. ಆ ನಗರಗಳಲ್ಲಿ ವಾಸವಾಗಿದ್ದವರು ಆಟದ ಹಲಗೆಯಲ್ಲಿ ಎಲ್ಲಿಯೂ ಇಲ್ಲ. ಚದುರಂಗದಲ್ಲೂ ಇಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಚದುರಂಗದ ಆನೆಗೆ ಊರಿನ ಹೆಸರಿಲ್ಲ, ರೆಜಿಮೆಂಟಿನ ಸಂಖ್ಯೆಯಿಲ್ಲ. ಇತಿಹಾಸದ ಹೆಸರುಗಳನ್ನು ಎರವಲು ತಂದು ಆಕರ್ಷಣೆ ಗಳಿಸಿದ ಆಟವು ಆ ಇತಿಹಾಸದ ಪ್ರಶ್ನೆಗಳಿಗೂ ಕಿವಿಗೊಡಬೇಕಾಗುತ್ತದೆ.

ಇನ್ನೊಂದು ನಿಯಮ ನನ್ನನ್ನು ಹೆಚ್ಚು ಕಾಡಿತು. ಆಟಗಾರನು ಒಂದು ಪ್ರಧಾನ ದೇಶವನ್ನೂ ಒಂದು ಮಿತ್ರದೇಶವನ್ನೂ ಆಯ್ದುಕೊಳ್ಳುತ್ತಾನೆ, ಮತ್ತು ಯಾವುದರೊಡನೆ ಯಾವುದನ್ನೂ ಬೆಸೆಯಬಹುದು. ಜರ್ಮನಿಯ ಕಟ್ಟಿಗೆ ಪೋಲೆಂಡನ್ನು ಮಿತ್ರನಾಗಿ ಸೇರಿಸಲು ಅಡ್ಡಿಯಿಲ್ಲ! 1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ಎರಗಿತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 60 ಲಕ್ಷ ಪೋಲಿಷ್ ಪ್ರಜೆಗಳು ಸತ್ತಿದ್ದರು, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಯೆಹೂದ್ಯರು. ಆಟದ ಸಮತೋಲನಕ್ಕೆ ಈ ಸ್ವಾತಂತ್ರ್ಯ ಅಗತ್ಯವೆಂದು ಒಪ್ಪುತ್ತೇನೆ. ಆದರೂ ಆಕ್ರಮಣಕಾರನೂ ಆಕ್ರಮಣಕ್ಕೆ ತುತ್ತಾದವನೂ ಎರಡು ಬಣ್ಣಗಳ ಎಲೆಗಳಾಗಿ ಉಳಿದುಬಿಡುವುದು ಹದಿನಾಲ್ಕರ ಹುಡುಗನಿಗೆ ಏನನ್ನು ಕಲಿಸುತ್ತದೆ?

ಬಾಂಬರ್ ವಿಮಾನದ ಎಲೆ ಮುಂಚೂಣಿಯನ್ನು ದಾಟಬೇಕಿಲ್ಲ. ಇದ್ದಲ್ಲಿಂದಲೇ ಯಾರನ್ನು ಬೇಕಾದರೂ ಹೊಡೆಯುತ್ತದೆ. ಶತ್ರುವಿನ ಫೈಟರ್ ವಿಮಾನಗಳನ್ನು ಬಿಟ್ಟರೆ ಅದಕ್ಕೆ ತಿರುಗೇಟು ಕೊಡುವವರಿಲ್ಲ. ಇದನ್ನು ಆಡುವಾಗ ನನಗೆ ನೆನಪಾದದ್ದು ಇಟಲಿಯ ಮೊಂತೆ ಕಸ್ಸಿನೊ. ಸಂತ ಬೆನೆಡಿಕ್ಟರು ಆರನೆಯ ಶತಮಾನದಲ್ಲಿ ಸ್ಥಾಪಿಸಿದ ಆ ಬೆಟ್ಟದ ಮಠವನ್ನು 1944ರ ಫೆಬ್ರವರಿ 15ರಂದು ಅಮೆರಿಕದ ಬಾಂಬರುಗಳು ಕೆಡವಿದವು. ಒಳಗೆ ಸತ್ತವರು ಆಶ್ರಯ ಬೇಡಿ ಬಂದಿದ್ದ ಸುತ್ತಲಿನ ಹಳ್ಳಿಗರು. ಜರ್ಮನ್ ಸೈನಿಕರು ಮಠದ ಅವಶೇಷಗಳನ್ನು ಕೋಟೆಯಾಗಿಸಿಕೊಂಡದ್ದು ಅನಂತರ. ಆ ದಾಳಿಯ ಬೇಡಿಕೆ ಹೊರಟದ್ದು 4ನೆಯ ಭಾರತೀಯ ಡಿವಿಷನ್ನಿನ ದಂಡನಾಯಕ ಟಕರ್ ಅವರಿಂದ. ತನ್ನ ಸಿಪಾಯಿಗಳನ್ನು ಆ ಬೆಟ್ಟಕ್ಕೆ ಹತ್ತಿಸಬೇಕಾಗಿದ್ದ ಮನುಷ್ಯನ ಸಂಕಟವೂ ಅದರಲ್ಲಿತ್ತು. ಕೊನೆಗೆ ಮೇ 18ರಂದು ಪೋಲಿಷ್ ಸೈನಿಕರು ಶಿಖರವನ್ನೇರಿದರು. ಇಂದು ಅಲ್ಲಿನ ಸಮಾಧಿಭೂಮಿಗಳಲ್ಲಿ ಪೋಲಿಷರ ಹೆಸರುಗಳೂ ಇವೆ, ನಮ್ಮವರ ಹೆಸರುಗಳೂ ಇವೆ.

ಆ ಯುದ್ಧದಲ್ಲಿ ಭಾರತೀಯ ಸೇನೆಯಲ್ಲಿದ್ದವರು ಸುಮಾರು 25 ಲಕ್ಷ. ನಮ್ಮ ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ರೆಜಿಮೆಂಟಿನ ಸಿಪಾಯಿ ನಾಮದೇವ ಜಾಧವ್ 1945ರ ಏಪ್ರಿಲ್ 9ರಂದು ಇಟಲಿಯ ಸೇನಿಯೊ ನದಿಯ ದಡದಲ್ಲಿ, ಗಾಯಗೊಂಡ ಇಬ್ಬರನ್ನು ಒಬ್ಬರಾದ ಮೇಲೊಬ್ಬರಂತೆ ಹೊತ್ತು ಆಳವಾದ ನೀರನ್ನು ದಾಟಿಸಿದರು; ಆಮೇಲೆ ಹಿಂದಿರುಗಿ ಶತ್ರುವಿನ ಮೆಷಿನ್‌ಗನ್ ನೆಲೆಗಳನ್ನು ಅಡಗಿಸಿದರು. ಅವರಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಆ ಸಾಹಸದ ಎರಡನೆಯ ಭಾಗ ಆಟಕ್ಕೆ ಚೆನ್ನಾಗಿ ಒಗ್ಗುತ್ತದೆ. ಮೊದಲನೆಯ ಭಾಗಕ್ಕೆ ಅಲ್ಲಿ ಸ್ಥಳವಿಲ್ಲ: ಎಲೆಯ ಮೇಲಿನ ಅಂಕಿ ಇಳಿಯುತ್ತದೆ, ಗಾಯಾಳು ಎಂಬವನಿಲ್ಲ.

ಹಣದ ವಿಷಯ ಚುಟುಕಾಗಿ ಹೇಳುತ್ತೇನೆ. ಆಟ ಉಚಿತವಾದರೂ ಹೊಸ ಎಲೆಗಳ ಪೊಟ್ಟಣಗಳು ಮಾರಾಟಕ್ಕಿವೆ, ಒಡೆಯುವವರೆಗೆ ಒಳಗೇನಿದೆಯೆಂದು ತಿಳಿಯದು. ಆಡುತ್ತಾ ಗಳಿಸಿಯೂ ಅವನ್ನು ಪಡೆಯಬಹುದು, ಆದರೆ ಅದಕ್ಕೆ ತಾಳ್ಮೆ ಬೇಕು. 2007ರಲ್ಲಿ ನಮ್ಮ ರಾಜ್ಯ ಲಾಟರಿಯನ್ನು ನಿಷೇಧಿಸಿದಾಗ ಸಂತೋಷಪಟ್ಟ ತಾಯಂದಿರಿಗೆ ಈ ಪೊಟ್ಟಣದ ಗುಣವನ್ನು ಬಿಡಿಸಿ ಹೇಳಬೇಕಿಲ್ಲ. ಮೊಬೈಲಿನ ಪಾವತಿಗೆ ಗುಪ್ತಸಂಖ್ಯೆ ಹಾಕಿಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇದು ತಕ್ಕ ಆಟವಲ್ಲ. ಪಿ.ಯು.ಸಿ. ಓದುವ ಮಗ ಆಡುತ್ತಿದ್ದರೆ ಕಿತ್ತುಕೊಳ್ಳುವುದಕ್ಕಿಂತ ಪಕ್ಕದಲ್ಲಿ ಕುಳಿತು, ಎಲೆಯ ಮೇಲಿನ ಆ ದಳ ನಿಜವಾಗಿ ಎಲ್ಲಿ ಹೋರಾಡಿತು, ಎಷ್ಟು ಮಂದಿ ಮನೆಗೆ ಮರಳಿದರು ಎಂದು ಕೇಳಿ ನೋಡಿ. ನಾನು ಕೇಳಿದ ಒಬ್ಬ ಹುಡುಗ ಅದೇ ರಾತ್ರಿ ಹುಡುಕಿ, ಮರುದಿನ ಪೂಜೆಯ ನಂತರ ಸಕ್ರಿಸ್ತಿಗೆ ಬಂದು ಉತ್ತರ ಹೇಳಿದ.