ಕಟಕಟೆಯ ಪಕ್ಕದ ಕುರ್ಚಿ

2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ನಡೆದ ವಾದವನ್ನು ಯಂತ್ರ ಕೇಳಿ ಬರಹಕ್ಕಿಳಿಸಿತು. ಇನ್ನು ಶೀಘ್ರಲಿಪಿಗಾರರ ಕಾಲ ಮುಗಿದಂತೆಯೇ ಎಂಬ ಮಾತನ್ನು ಅಲ್ಲಿಂದೀಚೆಗೆ ಬಹಳ ಮಂದಿ ಪ್ರಶ್ನಿಸದೆ ಒಪ್ಪಿಕೊಂಡಿದ್ದಾರೆ. ನನಗೆ ಇದು ಅವಸರದ ತೀರ್ಮಾನ. ದೆಹಲಿಯಲ್ಲಿ ಮಾತಾಡಿದವರು ಮೈಕಿನ ಮುಂದೆ ಇಂಗ್ಲಿಷಿನಲ್ಲಿ ವಾದಿಸಿ ಪಳಗಿದ ಹಿರಿಯ ವಕೀಲರು. ನಮ್ಮ ತಾಲ್ಲೂಕು ನ್ಯಾಯಾಲಯದ ಕಟಕಟೆ ಹತ್ತುವವರೇ ಬೇರೆ.

ಅಲ್ಲಿ ಸಾಕ್ಷ್ಯ ದಾಖಲಾಗುವ ಬಗೆ ನೋಡಿ. ಪಾಟೀಸವಾಲಿನಲ್ಲಿ ವಕೀಲರು ಕೇಳುತ್ತಾರೆ. ಸಾಕ್ಷಿ ಒಮ್ಮೆ ತಲೆಯಾಡಿಸುತ್ತಾನೆ, ಒಮ್ಮೆ 'ಹೂಂ' ಅನ್ನುತ್ತಾನೆ, ಒಮ್ಮೆ 'ಇವ್ನೇ' ಎಂದು ಬೆರಳು ತೋರುತ್ತಾನೆ. ನ್ಯಾಯಾಧೀಶರು ಅದನ್ನು ವಾಕ್ಯವಾಗಿಸಿ ಹೇಳಿ ಬರೆಸುತ್ತಾರೆ. ಹಾಳೆಗೆ ಬರುವ ಹೊತ್ತಿಗೆ ಅದು 'ಎಂದರೆ ಸರಿ', 'ಎಂದರೆ ಸರಿಯಲ್ಲ' ಎಂದಾಗಿರುತ್ತದೆ. ಸೆಷನ್ಸ್ ವಿಚಾರಣೆಯಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲೇ ಬರೆದುಕೊಳ್ಳಬೇಕೆಂದು ಕಾನೂನೂ ಹೇಳುತ್ತದೆ. ಅಂದರೆ ದಾಖಲೆ ಎಂಬುದು ಬರೀ ಸದ್ದಿನ ನಕಲಲ್ಲ. ಮೇಲ್ಮನವಿ ಕೇಳುವ ನ್ಯಾಯಾಧೀಶರು ಸಾಕ್ಷಿಯ ಮುಖ ಕಂಡಿರುವುದಿಲ್ಲ, ಅವರ ಕೈಯಲ್ಲಿರುವುದು ಆ ಹಾಳೆ. 'ಕಂಡೆ' ಮತ್ತು 'ಕಂಡ ಹಾಗಿತ್ತು' ಇವೆರಡರ ನಡುವೆ ಒಬ್ಬನ ಜೀವಾವಧಿ ಶಿಕ್ಷೆ ತೂಗುತ್ತಿರಬಹುದು.

ಕಟಕಟೆಯ ಪಕ್ಕದ ಕುರ್ಚಿಯಲ್ಲಿ ಕೂತ ಶೀಘ್ರಲಿಪಿಗಾರರು ಸಾಕ್ಷಿಯ ಮಾತನ್ನೂ ಕೇಳುತ್ತಾರೆ, ನ್ಯಾಯಾಧೀಶರು ಹೇಳಿ ಬರೆಸುವುದನ್ನೂ ಕೇಳುತ್ತಾರೆ. ಒಳ್ಳೆಯ ಸ್ಟೆನೋ ಎರಡೂ ಹೊಂದದಿದ್ದರೆ ಬೆರಳು ನಿಲ್ಲಿಸಿ, 'ಸಾರ್, ಅವರು ನಿನ್ನೆ ಅಲ್ಲ, ಮೊನ್ನೆ ಅಂದರು' ಎನ್ನಬಲ್ಲರು. ಧ್ವನಿಮುದ್ರಣವನ್ನು ಮತ್ತೆ ಕೇಳಬಹುದಲ್ಲ ಎನ್ನುತ್ತಾರೆ. ಕೇಳಬಹುದು, ಅದೂ ಇರಲಿ. ಆದರೆ ಅಸ್ಪಷ್ಟವಾಗಿ ಉಳಿದ ಉತ್ತರ ವರ್ಷಗಳ ಮೇಲೆ ಕೇಳಿದರೂ ಅಸ್ಪಷ್ಟವೇ. ಸಾಕ್ಷಿ ಕಟಕಟೆಯಲ್ಲಿ ಇರುವಾಗಲೇ ಕೇಳಿ ತಿದ್ದಬೇಕು. ಯಂತ್ರ ತನಗೆ ತಿಳಿಯದ ಮಾತಿಗೂ ನಂಬುವಂಥ ಒಂದು ಪದ ಹಾಕಿ ಮುಂದೆ ಹೋಗಿಬಿಡುತ್ತದೆ.

ಮನುಷ್ಯರು ತಪ್ಪುವುದಿಲ್ಲವೇ? ತಪ್ಪುತ್ತಾರೆ, ದೊಡ್ಡದಾಗಿಯೇ ತಪ್ಪುತ್ತಾರೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ನ್ಯಾಯಾಲಯದ ಕಲಾಪ ಬರೆದುಕೊಳ್ಳುವ ವರದಿಗಾರರಿಗೆ ಕಪ್ಪು ಜನರ ಆಡುಮಾತು ಕೇಳಿಸಿ ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಸರಿಯಾಗಿ ಬರೆದದ್ದು ಶೇ. 83ರಷ್ಟು ಪದಗಳನ್ನು ಮಾತ್ರ. ವೃತ್ತಿಗೆ ಬೇಕಾದ ನಿಖರತೆ ಶೇ. 95. ಮರುವರ್ಷ ಐದು ದೊಡ್ಡ ಕಂಪನಿಗಳ ಯಂತ್ರಗಳನ್ನು ಪರೀಕ್ಷಿಸಿದಾಗ, ಬಿಳಿಯರ ಮಾತಿನಲ್ಲಿ ಸರಾಸರಿ ಶೇ. 19 ಇದ್ದ ತಪ್ಪು ಕಪ್ಪು ಜನರ ಮಾತಿನಲ್ಲಿ ಶೇ. 35ಕ್ಕೆ ಏರಿತ್ತು. ಕೇಳಿ ಅಭ್ಯಾಸವಿಲ್ಲದ ನುಡಿಯ ಮುಂದೆ ಇಬ್ಬರೂ ಎಡವಿದ್ದಾರೆ. ಆದರೆ ಶೀಘ್ರಲಿಪಿಗಾರರಿಗೆ ಕಲಿಸಬಹುದು, ಅವರನ್ನು ಉತ್ತರದಾಯಿ ಮಾಡಬಹುದು.

ಆದ್ದರಿಂದ ಹುದ್ದೆಗಳನ್ನು ಖಾಲಿ ಬಿಟ್ಟು ಯಂತ್ರ ತರುವುದು ಉಳಿತಾಯವಲ್ಲ. ಮೈಸೂರು ಕಡೆಯಿಂದ ಕಲಬುರಗಿಗೆ ನೇಮಕವಾದವರಿಗೆ ಆ ಸೀಮೆಯ ಕನ್ನಡವನ್ನು ಕಿವಿಗೆ ರೂಢಿ ಮಾಡಿಸುವ ತರಬೇತಿ ಬೇಕು. ಯಂತ್ರದ ಕರಡು ಅವರ ಕೈಕೆಳಗಿರಲಿ. ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳಬೇಕೆಂಬ ಕಾನೂನಿನ ನಿಯಮ ಕೊನೆಯ ಸಾಲಿನ ಷರಾ ಆಗಿ ಮುಗಿಯದೆ, ನಿಜಕ್ಕೂ ಓದಿ ಹೇಳಲು ಅವರಿಗೆ ಸಮಯ ಸಿಗಲಿ.