ಬೀಗದ ಹೊತ್ತು, ನಕ್ಷೆಯ ಗೆರೆ

ಬೆಂಗಳೂರಿನ ಉದ್ಯಾನಗಳ ಗೇಟಿನಲ್ಲಿ ಜಾತಿಯನ್ನೋ ಬಣ್ಣವನ್ನೋ ಹೆಸರಿಸುವ ಫಲಕ ಇರುವಂತಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಉದ್ಯಾನದ ಬೆಂಚನ್ನೂ ಕಡಲತೀರವನ್ನೂ ಬಣ್ಣ ನೋಡಿ ಹಂಚುವ ಕಾಯ್ದೆಯೇ 1953ರಿಂದ 1990ರವರೆಗೆ ಇತ್ತು. ಇಲ್ಲಿ ಸಂವಿಧಾನದ 15(2)ನೇ ವಿಧಿಯು ಬಾವಿ, ಕೆರೆ, ರಸ್ತೆಗಳ ಜೊತೆಗೆ ಸರ್ಕಾರದ ಹಣದಿಂದ ನಡೆಯುವ ‘ಸಾರ್ವಜನಿಕ ಸಮಾಗಮ ಸ್ಥಳ’ಗಳಲ್ಲಿಯೂ, ಎಂದರೆ ಜನರು ಮುಕ್ತವಾಗಿ ಬಂದು ಸೇರುವ ಎಡೆಗಳಲ್ಲಿಯೂ, ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾರನ್ನೂ ತಡೆಯಕೂಡದೆಂದು ವಿಧಿಸಿದೆ. ಆದರೂ ಈ ನಗರದ ಉದ್ಯಾನ ಪದ್ಧತಿಯನ್ನು ಫಲಕದಿಂದಲ್ಲದೆ ನಕ್ಷೆಯಿಂದ ಅಳೆದರೆ, ಹೆಸರಿಸದೆಯೇ ಹೊರಗಿಡುವ ಬಗೆಯೊಂದು ಕಾಣಿಸುತ್ತದೆ. ಮೈಸೂರು ರಸ್ತೆಯ ಬದಿಯ ನಾಯಂಡಹಳ್ಳಿ ಅದಕ್ಕೆ ನಿದರ್ಶನ.

ಬೆಂಗಳೂರಿನಲ್ಲಿ ಉದ್ಯಾನವೆಂಬುದು ಬಹುಮಟ್ಟಿಗೆ ಬಡಾವಣೆಯ ಕೂಸು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯ 16ನೇ ಪ್ರಕರಣದಂತೆ ಪ್ರಾಧಿಕಾರವು ರೂಪಿಸುವ ಬಡಾವಣೆಯ ವಿಸ್ತೀರ್ಣದಲ್ಲಿ ಕನಿಷ್ಠ ಶೇ. 15ರಷ್ಟನ್ನು ಉದ್ಯಾನ, ಆಟದ ಮೈದಾನಗಳಿಗೆ ಮೀಸಲಿಡಬೇಕು. ಅದಕ್ಕೂ ಮುಂಚೆ ನಗರ ಸುಧಾರಣಾ ಟ್ರಸ್ಟ್ ಮಂಡಳಿಯು ಗೆರೆ ಹಾಕಿ ನಿವೇಶನ ಹಂಚಿದ ರಾಜಾಜಿನಗರ, ವಿಜಯನಗರಗಳಲ್ಲಿಯೂ ಉದ್ಯಾನಗಳಿಗೆ ಜಾಗ ಬಿಡಲಾಗಿತ್ತು. ನಾಯಂಡಹಳ್ಳಿಯ ಹಳೆಯ ಭಾಗವಾದರೋ ಬೆಳೆದದ್ದು ಗ್ರಾಮಠಾಣಾದಿಂದ, ಎಂದರೆ ಕಂದಾಯ ದಾಖಲೆಯು ಊರಿನ ಮನೆಗಳಿಗೆಂದು ಗುರುತಿಸಿದ ನೆಲದಿಂದ, ಮತ್ತು ಹೊಲಗಳನ್ನು ತುಂಡು ಮಾಡಿ ಮಾರಿದ ರೆವಿನ್ಯೂ ನಿವೇಶನಗಳಿಂದ; ಅಲ್ಲಿ ಶೇ. 15ರ ಲೆಕ್ಕ ಕೇಳುವವರೇ ಇರಲಿಲ್ಲ. ಮೈಸೂರು ರಸ್ತೆಯ ಪಕ್ಕದಲ್ಲಿ ನಗರದ ಕೊಳಚೆ ಹೊತ್ತ ವೃಷಭಾವತಿ ನದಿ, ಅದರ ಆಸುಪಾಸಿನಲ್ಲಿ ಗುಜರಿ ಗೋದಾಮುಗಳು, ಪ್ಲಾಸ್ಟಿಕ್ ವಿಂಗಡಿಸಿ ಪುಡಿ ಮಾಡುವ ಘಟಕಗಳು. ಈ ಕಸುಬಿನಲ್ಲಿ ದಲಿತರು, ಮುಸ್ಲಿಮರು, ಹೊರರಾಜ್ಯಗಳಿಂದ ಬಂದವರು ಹೆಚ್ಚು. ನಗರದ ಒಣ ಕಸವನ್ನು ಮತ್ತೆ ಸರಕಾಗಿಸುವ ಕೈಗಳಿಗೆ ಮರದ ನೆರಳು ಬೇಕೆಂಬುದು ಯಾವ ನಕ್ಷೆಕಾರನ ಲೆಕ್ಕಕ್ಕೂ ಬರಲಿಲ್ಲ.

ಇವರು ದೂರದ ಉದ್ಯಾನಕ್ಕೆ ಹೋದರೂ ಹೊತ್ತು ಅಡ್ಡ ಬರುತ್ತಿತ್ತು. ದುಡಿಯುವವರು ಬುತ್ತಿ ಬಿಚ್ಚಿ ಅರೆಗಳಿಗೆ ಒರಗಬೇಕಾದ ನಡುಹಗಲಿನಲ್ಲೇ ಗೇಟಿಗೆ ಬೀಗ ಬೀಳುತ್ತಿದ್ದುದು, ವೇಳಾಪಟ್ಟಿಯನ್ನು ವಾಕಿಂಗ್ ಮಾಡುವವರ ಅನುಕೂಲಕ್ಕೆ ಹೊಂದಿಸಿದ್ದರ ಫಲ. 2024ರಲ್ಲಿ ಮಹಾನಗರ ಪಾಲಿಕೆಯು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಉದ್ಯಾನಗಳನ್ನು ತೆರೆದಿಡಲು ನಿರ್ಧರಿಸಿದ್ದು ತಡವಾದರೂ ಸರಿಯಾದ ಹೆಜ್ಜೆ.

ಗೇಟು ತೆರೆದರೂ ಉದ್ಯಾನ ಯಾರದೆಂಬ ಪ್ರಶ್ನೆ ಉಳಿಯುತ್ತದೆ. 1991ರ ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಉದ್ಯಾನದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಒಪ್ಪದೆ, ಅದನ್ನು ಪ್ರಶ್ನಿಸುವ ಹಕ್ಕು ಬಡಾವಣೆಯ ನಿವಾಸಿಗಳಿಗೆ ಉಂಟೆಂದು ತೀರ್ಪಿತ್ತಿತು. ತೀರ್ಪು ಉದ್ಯಾನಗಳನ್ನು ಕಾಯಿತು, ನಿಜ; ಆದರೆ ‘ನಿವಾಸಿ’ ಎಂಬ ಪದ ಇಂದು ಬಡಾವಣೆ ಸಂಘಗಳ ಬಾಯಲ್ಲಿ ‘ಹೊರಗಿನವರು’ ಎಂಬುದರ ವಿರುದ್ಧಪದವಾಗಿ ಬಳಕೆಯಾಗುವುದುಂಟು. ಹಾಗೆಯೇ ಉದ್ಯಾನ ತೆರೆದಿಡುವ ಅವಧಿಯ ವಿಸ್ತರಣೆಯಿಂದಲೂ ಲಾಭವಾಗುವುದು ಸಮೀಪದಲ್ಲಿ ಉದ್ಯಾನವಿರುವವರಿಗೆ. ಬಡಾವಣೆಯಾಗದೆ ಬೆಳೆದ ಹಳೆಯ ಊರುಗಳಿಗೆ, ನೆಲ ಕೊಂಡಾದರೂ, ಅದೇ ಶೇ. 15ರ ಪಾಲು ದೊರಕಿಸದ ತನಕ ಈ ಪದ್ಧತಿಯನ್ನು ನ್ಯಾಯವಾದದ್ದೆಂದು ಒಪ್ಪಲಾಗದು.